ಕರೆಂಟು ಬಂದ ಮೇಲೂ ನಿಲ್ಲದ ಪ್ರಾರ್ಥನೆ

ಮಗ್ಗದ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಬೋರಗಾಂವದ ಪಾವರ್‌ಲೂಮ್ ಶೆಡ್ಡಿನಲ್ಲಿ ಅವ್ವ ಕೆಲಸಕ್ಕಿದ್ದಳು; ಶಾಲೆಯಿಲ್ಲದ ದಿನ ನಾನೂ ಅವಳ ಜೊತೆಗಿರುತ್ತಿದ್ದೆ. ಕರೆಂಟು ಹೋದಾಗ ಅಲ್ಲಿನ ನಾಲ್ಕೈದು ಕ್ರೈಸ್ತ ಹೆಂಗಸರು ನೂಲಿನ ಮೂಟೆಗಳ ಮೇಲೆ ಕೂತು ಪ್ರಾರ್ಥನೆ ಮಾಡುತ್ತಿದ್ದರು. ದನಿ ಎತ್ತುತ್ತಿದ್ದವಳು ಯಾವಾಗಲೂ ಅವ್ವನೇ. ಪಕ್ಕದ ಮಗ್ಗದ ಶಾಂತಕ್ಕ ಪ್ರಾರ್ಥನೆಗೆ ಹೊಸಬಳು; ವರ್ಷವಾದರೂ ‘ಆಮೆನ್’ ಬಿಟ್ಟು ಬೇರೆ ಮಾತಿಗೆ ಬಾಯಿ ತೆರೆದವಳಲ್ಲ.

ಆ ಮಧ್ಯಾಹ್ನ ಮಿರಜದ ದವಾಖಾನೆಯಿಂದ ಅಪ್ಪನ ಫೋನು ಬಂದಿತ್ತು. ಅಲ್ಲಿ ಸೇರಿಸಿದ್ದ ನನ್ನ ತಮ್ಮನ ವಿಷಯದಲ್ಲಿ ಡಾಕ್ಟರು ಕೈಚೆಲ್ಲಿದ್ದರು. ಮಿರಜಕ್ಕೆ ಹೋಗುವ ಮುಂದಿನ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಕರೆಂಟು ಹೋಯಿತು, ಹೆಂಗಸರು ಕೂತರು, ಅವ್ವನ ಬಾಯಿಂದ ಮಾತೇ ಹೊರಡಲಿಲ್ಲ.

ಆಗ ಶಾಂತಕ್ಕ ತಲೆಗೆ ಸೆರಗು ಹೊದ್ದು ಎದ್ದು ನಿಂತಳು. “ಯೇಸಪ್ಪಾ, ನನಗ ಮಾತಾಡಾಕ ಬರೂದಿಲ್ಲ. ಅಕ್ಕನ ಮಗನ್ನ ಉಳಸಪಾ,” ಎಂದು ತೊದಲುತ್ತಲೇ ಶುರುಮಾಡಿದಳು.

ಅವ್ವ ನನ್ನ ಕೈ ಹಿಂಡಿದಳು. “ಕೇಳಿದೇನವಾ? ಶಾಂತಾ ತಾನ ಪ್ರಾರ್ಥನಾ ಮಾಡಾಕತ್ತಾಳ!” ಅವಳ ಒದ್ದೆ ಮುಖದಲ್ಲಿ ನಗು ಕಂಡು ನನಗೆ ಸಿಟ್ಟು ಬಂತು.

“ತಮ್ಮ ಸಾಯಾಕತ್ತಾನ, ನೀ ನಗತಿ?” ಅಂದೆ.

ಅಷ್ಟರಲ್ಲಿ ಕರೆಂಟು ಬಂತು. ಎಲ್ಲರೂ ಮಗ್ಗಕ್ಕೆ ಓಡಿದರು. ಕಣ್ಣು ಮುಚ್ಚಿದ್ದ ಶಾಂತಕ್ಕ ನಿಲ್ಲಿಸಲಿಲ್ಲ. ಖಟಖಟ ಸದ್ದಿನಲ್ಲಿ ಅವಳ ದನಿ ಮುಳುಗಿತು, ತುಟಿಗಳಷ್ಟೇ ಆಡುತ್ತಿದ್ದವು. ಅವ್ವ ತನ್ನ ಮಗ್ಗದ ಜೊತೆ ಅವಳ ಮಗ್ಗವನ್ನೂ ಚಾಲೂ ಮಾಡಿದಳು. ಎರಡರ ನಡುವೆ ಓಡಾಡುತ್ತಾ, ಆ ತುಟಿಗಳನ್ನೇ ನೋಡುತ್ತಾ, ಬಸ್ಸು ಬರುವವರೆಗೂ ನೂಲು ತೀರಿದ ಲಾಳಿ ಬದಲಿಸುತ್ತಿದ್ದಳು.