ಮೊಣಕಾಲು ತಾಗಿದರೆ

"ನೆಟ್ಟಗೆ ಕೂತ್ಕೊಳಮ್ಮ ವೆನಿಂಗ್," ಎಂದ ಹರ್ಜೊ.

"ನೆಟ್ಟಗೇ ಕೂತಿದೀನಲ್ಲ ಅಣ್ಣ."

ಕೂತಿರಲಿಲ್ಲ. ಕೆಂಪು ಸೈಕಲ್ಲಿನ ಮೇಲೆ ಬೆನ್ನು ಗೂನು ಮಾಡಿ, ಮೊಣಕಾಲುಗಳನ್ನು ಕಪ್ಪೆಯಂತೆ ಎರಡೂ ಕಡೆಗೆ ಚಾಚಿಕೊಂಡಿದ್ದಳು. ಪೇಟೆಯವರು ಓಡಿಸಿ ಬಿಟ್ಟ, ಬೆಟ್ಟ ಹತ್ತುವ ಸೈಕಲ್ಲುಗಳನ್ನು ರಿಪೇರಿ ಮಾಡಿ, ಅರ್ಜುನೊ ಬೆಟ್ಟದ ತರಕಾರಿ ತೋಟಗಳ ಕೂಲಿಯವರ ಮಕ್ಕಳಿಗೆ ಪುಕ್ಕಟೆ ಕೊಡುವ ಹರ್ಜೊನ ನಿಯಮ ಒಂದೇ: ಮೊಣಕಾಲು ಹ್ಯಾಂಡಲ್‌ಗೆ ತಾಗಿದರೆ ಸೈಕಲ್ಲು ಚಿಕ್ಕವರಿಗೆ. ದೊಡ್ಡದು ಮಿಕ್ಕಿದ್ದರೆ ಸಿಗುತ್ತದೆ, ಇಲ್ಲವಾದರೆ ಕಾಯಬೇಕು. ಈ ಭಾನುವಾರ ಶೆಡ್ಡಿನಲ್ಲಿ ಒಂದೂ ಮಿಕ್ಕಿರಲಿಲ್ಲ. ಪುಟ್ಟ ರಿಂತೆನ್ ಮಾತ್ರ ಮೂಗಿನ ತನಕ ಜಾರಿದ ಹೆಲ್ಮೆಟ್ಟಿನೊಳಗಿಂದ ಕೆಂಪು ಸೈಕಲ್ಲನ್ನೇ ನೋಡುತ್ತ ನಿಂತಿದ್ದಳು.

"ನಾನು ಬೆಳೆದೇ ಇಲ್ಲ ಅಣ್ಣ!" ಎಂದಳು ವೆನಿಂಗ್. "ಬೇಕಾದ್ರೆ ಅಮ್ಮನ್ನ ಕೇಳಿ. ಸೋಮವಾರ, ಗುರುವಾರ ಊಟಾನೇ ಮಾಡಲ್ಲ. ಮಿಕ್ಕ ದಿನಾನೂ ಅರ್ಧ ತಟ್ಟೆ ಅಷ್ಟೇ."

ಕ್ಯಾರೆಟ್ ಮೂಟೆಯ ಮೇಲೆ ಕೂತಿದ್ದ ಅವಳ ಅಮ್ಮ ಲಸ್ಮಿನಿ ಎದ್ದು ನಿಂತಳು. "ಆ ಉಪವಾಸ... ಬೆಳೀಬಾರ್ದು ಅಂತಾನಾ?"

"ಮತ್ತಿನ್ನೇನಕ್ಕಮ್ಮ?"

"ಅಯ್ಯೋ ಲಸ್ಮಿನಿ!" ಎಂದಳು ಪಕ್ಕದ ಮನೆಯ ಸುತಿಯೆಮ್. "ವೆನಿಂಗ್‌ನ ನೋಡಿ ಭಕ್ತಿ ಕಲಿ ಅಂತ ನನ್ನ ಮಗಳಿಗೆ ಬೈದಿದ್ದೇ ಬೈದಿದ್ದು ಕಣೇ!"

ಕುರಾನ್ ಓದುವ ಹೆಂಗಸರ ನಡುವೆ ಆ ಉಪವಾಸವನ್ನು ದೇವರ ಮೇಲಿನ ಭಕ್ತಿಯೆಂದು ಹೊಗಳಿಕೊಂಡವಳು ಲಸ್ಮಿನಿಯೇ. ಆದರೆ ಒಳಗೊಳಗೆ ಬೇರೆಯದೇ ಭಯವಿತ್ತು. ಅನ್ನದ ಪಾತ್ರೆಯ ತಳಕ್ಕೆ ಸೌಟು ತಾಗುವ ಸದ್ದು ಮಗಳ ಕಿವಿಗೆ ಬಿತ್ತೇ, ಅದಕ್ಕೇ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟಳೇ ಎಂದು. ಸೌಟನ್ನು ಮೆಲ್ಲಗೆ ಆಡಿಸಿ ಆಡಿಸಿ ಅವಳ ಕೈಗೆ ಅದೇ ಅಭ್ಯಾಸವಾಗಿತ್ತು. ಈಗ ಹೊಟ್ಟೆಯಾಳದಿಂದ ನಗು ಎದ್ದು ಬಂತು. ಎಷ್ಟು ಒರೆಸಿದರೂ ಕಣ್ಣೀರು ನಿಲ್ಲಲಿಲ್ಲ.

"ಕತ್ತೆ! ನೆಟ್ಟಗೆ ಕೂತ್ಕೋ. ನನ್ನ ಮಗಳು ಉದ್ದ ಬೆಳೆದ್ರೆ ನಂಗೇನು ನಾಚಿಕೆನಾ?"

ವೆನಿಂಗ್ ಬೆನ್ನು ನೆಟ್ಟಗೆ ಮಾಡಿದಳು. ಮೊಣಕಾಲು ಟಕ್ಕೆಂದು ಹ್ಯಾಂಡಲ್‌ಗೆ ಬಡಿಯಿತು. ಇಳಿದು, ಸೀಟನ್ನೊಮ್ಮೆ ಸವರಿ, ಸೈಕಲ್ಲನ್ನು ರಿಂತೆನ್‌ಳತ್ತ ತಳ್ಳಿದಳು. "ಇಳಿಜಾರಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಒತ್ತಬೇಡ, ಪಲ್ಟಿ ಹೊಡೀತೀಯ," ಎಂದಳು.

ಹರ್ಜೊ ತಲೆ ಕೆರೆದುಕೊಂಡು ಅವಳ ಹಿಂದಿನ ಸಾಲನ್ನು ನೋಡಿದ. ನೀಲಿ, ಹಳದಿ, ಕಪ್ಪು ಸೈಕಲ್ಲುಗಳು. ಪ್ರತಿಯೊಂದರ ಮೇಲೂ ಒಂದು ಗೂನುಬೆನ್ನು.

"ನೀವುಗಳೂನಾ? ಎಲ್ಲ ನೆಟ್ಟಗಾಗ್ರೋ!"

ಒಂದೊಂದೇ ಬೆನ್ನು ಎದ್ದಿತು. ಟಕ್, ಟಕ್, ಟಕ್. ನೀಲಿ ಸೈಕಲ್ಲು ವೆನಿಂಗ್‌ಳ ಕೈಗೆ ಬಂತು. ನೀಲಿಯವನಿಗೆ ಹಳದಿ, ಹಳದಿಯವಳಿಗೆ ಕಪ್ಪು. ಕಪ್ಪು ಸೈಕಲ್ಲಿನಿಂದ ಇಳಿದು ಸಪ್ತೊ ನೆಟ್ಟಗೆ ನಿಂತಾಗ ಅವನ ಮುಖ ನೋಡಲು ಹರ್ಜೊ ಕತ್ತೆತ್ತಬೇಕಾಯಿತು.

ಮಕ್ಕಳ ಕಣ್ಣೆಲ್ಲ ಪೈನ್ ಮರಕ್ಕೆ ಒರಗಿಸಿದ್ದ ಹರ್ಜೊನ ಸ್ವಂತ ಸೈಕಲ್ಲಿನ ಮೇಲೆ ಹೋದವು.

"ಹಂಗೆ ನೋಡ್ಬೇಡ್ರೋ."

"ನಾವೇನೂ ಅಂದಿಲ್ಲಪ್ಪ," ಎಂದಳು ವೆನಿಂಗ್.

ಹರ್ಜೊ ಅಂಗಿಯ ತೋಳಿನಿಂದ ಸೀಟಿನ ಧೂಳನ್ನು ನಿಧಾನವಾಗಿ ಒರೆಸಿ, ಸೈಕಲ್ಲನ್ನು ಸಪ್ತೊನ ಮುಂದೆ ತಂದು ನಿಲ್ಲಿಸಿದ. ಸಪ್ತೊ ಕಾಲು ಬೀಸಿ ಹತ್ತಿದ. ಪೆಡಲ್ಲನ್ನು ಅರ್ಧ ಸುತ್ತು ತುಳಿದವನು ಸಂಕೋಚದಿಂದ ನಿಂತ.

"ಅಣ್ಣ, ಬೇಜಾರ್ ಮಾಡ್ಕೋಬೇಡಿ... ಸೀಟು ಸ್ವಲ್ಪ ಏರಿಸಿ ಕೊಡ್ತೀರಾ?"