ಫಿಲ್ಟರಿನ ಮುಂದಿನ ತಿರುವು

"ಇನ್ಮೇಲೆ ಬೈಕ್ ರೇಸಿಗೆ ಹೋಗಲ್ಲ ಅಂತ ಬರೆದು ಸಹಿ ಹಾಕಿ. ಆಮೇಲೆ ರಜೆ ಮಾತು," ಎಂದು ಮುಖ್ಯೋಪಾಧ್ಯಾಯಿನಿ ಕಾಗದ ತಳ್ಳಿದಾಗ ಗಣಿತದ ಟೀಚರಿಗೆ ಬಂದ ಸಿಟ್ಟಿನಲ್ಲಿ ಏಳೂರಿನ ಒಲೆ ಹೊತ್ತಿಸಬಹುದಿತ್ತು. ಬಲಗೈಯಲ್ಲಿ ಆನೆಕಾಲಿನಷ್ಟು ದಪ್ಪ ಪ್ಲಾಸ್ಟರ್ ಬೇರೆ.

"ಮೇಡಂ, ನಾಲ್ಕು ವರ್ಷದಲ್ಲಿ ರೇಸಲ್ಲಿ ಒಂದ್ಸಲಾನೂ ಬಿದ್ದಿಲ್ಲ. ನಾನು ಜಾರಿದ್ದು ಇದೇ ಸ್ಟಾಫ್ ರೂಮಲ್ಲಿ, ಆ ಫಿಲ್ಟರ್ ಸೋರಿ ನಿಂತ ನೀರಲ್ಲಿ! ಎತ್ತಿ ಕೂರಿಸಿದ್ದು ಇವರೇ, ಕೇಳಿ."

ಎತ್ತಿ ಕೂರಿಸಿದ್ದ ಡ್ರಾಯಿಂಗ್ ಟೀಚರ್ ಕನಿಕರದಿಂದ ತಲೆಯಾಡಿಸಿದರು. "ಆ ನೀರಲ್ಲಿ ನಾವೂ ದಿನಾ ಓಡಾಡ್ತೀವಮ್ಮ. ನೀವು ತಿರುವಿನಲ್ಲಿ ಸ್ಪೀಡ್ ಕಮ್ಮಿ ಮಾಡಲಿಲ್ಲ ಅಷ್ಟೆ." ಸೂರು ಹಾರಿಹೋಗುವಂತೆ ಎಲ್ಲರೂ ನಕ್ಕರು.

"ಎಲ್ರೀ ನೀರು?" ಎನ್ನುತ್ತ ಮುಖ್ಯೋಪಾಧ್ಯಾಯಿನಿ ಫಿಲ್ಟರಿನತ್ತ ನಾಲ್ಕು ಹೆಜ್ಜೆ ಇಟ್ಟರು. ಐದನೆಯದನ್ನು ಇಡುವ ಕಷ್ಟವೇ ಬೀಳಲಿಲ್ಲ. ಪುಸ್ತಕದ ಬೀರುವಿನವರೆಗೂ ಜಾರಿಕೊಂಡೇ ತಲುಪಿದರು. ಆ ಸದ್ದಿಗೆ ಗುಡುಗೂ ನಾಚಬೇಕು. ಗಣಿತದ ಟೀಚರಿಗೆ ಹೋದ ಜೀವ ಬಂದಂತಾಯಿತು. ಇನ್ನಾದರೂ ನಂಬುತ್ತಾರೆ!

ಮುಖ್ಯೋಪಾಧ್ಯಾಯಿನಿ ಸೊಂಟ ಹಿಡಿದುಕೊಂಡು ನೆಲದಿಂದಲೇ ಚೀರಿದರು: "ಅಯ್ಯೋ, ನಿಮ್ಮ ರೇಸಿನ ಗಾಳಿ ನನಗೂ ಸೋಕಿತಲ್ರೀ! ಮೊದಲು ಸಹಿ ಹಾಕಿ!"

ಡ್ರಾಯಿಂಗ್ ಟೀಚರ್ ಪೆನ್ನಿನ ಮುಚ್ಚಳ ತೆಗೆದು, ಗಣಿತದ ಟೀಚರ ಎಡಗೈಗೆ ಕೊಟ್ಟರು.