ಬಿಜಲಿಯ ನಡಿಗೆ

ಮದುವೆ ಮೆರವಣಿಗೆಗಳಲ್ಲಿ ಕುಣಿದು ಕುಣಿದು ದಾವಲಸಾಬನ ಕುದುರೆ ಬಿಜಲಿಯ ಹಿಂಗಾಲಿನ ಕೀಲಿನಲ್ಲಿ ಮೃದ್ವಸ್ಥಿ ಹರಿದಿತ್ತು.

"ಕಟ್ಟಿ ಹಾಕಿದ್ರ ಕೀಲು ಹಿಡ್ಕೋತದ, ಓಡಿಸಿದ್ರ ಇನ್ನಷ್ಟು ಹರೀತದ," ಎಂದಿದ್ದರು ಡಾಕ್ಟರು. "ದಿನಾ ನಿಧಾನಕ ನಡೆಸು. ಇನ್ನೊಮ್ಮೆ ಕುಣೀತಂದ್ರ ಕುದುರಿ ಮತ್ತ ಏಳೂದಿಲ್ಲ, ದಾವಲಸಾಬ."

ಅಂದಿನಿಂದ ಅವನು ಹಗ್ಗ ಹಿಡಿದು ಅದರ ಜೊತೆ ಹೆಜ್ಜೆ ಹಾಕುತ್ತಿದ್ದ. ಮಳೆಗಾಲ ಕಳೆಯುವ ಹೊತ್ತಿಗೆ ಕುಂಟುವುದು ಹೆಚ್ಚುಕಡಿಮೆ ನಿಂತಿತ್ತು.

ಇವತ್ತು ಇಕ್ಕಟ್ಟಿನ ಓಣಿಯಲ್ಲಿ ಎದುರಿಗೆ ಮದುವೆಯ ಬ್ಯಾಂಡು ಬಂತು. ಕುದುರೆಯನ್ನು ತಿರುಗಿಸಲು ಜಾಗವಿರಲಿಲ್ಲ. ಡ್ರಮ್ಮಿನ ಸದ್ದಿಗೆ ಬಿಜಲಿ ಕಿವಿ ನಿಮಿರಿಸಿ ಗೊರಸು ಬಡಿಯತೊಡಗಿತು.

"ಬಾರಿಸಬ್ಯಾಡ್ರೋ! ಇದರ ಕಾಲು ಹೋಗತೈತಿ!"

"ಏ ಕಾಕಾ, ಕಾಲು ಬ್ಯಾನಿ ಅಂತಿದ್ದಿ, ನಿನ್ನ ಕುದುರಿ ತಾಳ ಹಾಕಾಕತ್ತೈತಲ್ಲ!" ಡ್ರಮ್ಮಿನವನು ನಕ್ಕು ಇನ್ನೂ ಜೋರಾಗಿ ಬಾರಿಸಿದ.

"ನಿನ್ನ ಕಾಲಿಗೆ ಬೀಳ್ತೀನಪಾ, ನಿಲ್ಲಸು!"

ಆ ಕೂಗು ಸದ್ದಿನಲ್ಲಿ ಮುಳುಗಿಹೋಯಿತು. ದಿಕ್ಕು ತೋಚದೆ ಅವನು ಹಗ್ಗ ಬಿಟ್ಟು, ಬಿಜಲಿಯ ಮುಂದೆ ಓಡಿ, ಬ್ಯಾಂಡಿನವರಿಗೆಲ್ಲ ಕಾಣುವಂತೆ ಎರಡೂ ಕೈ ಮೇಲೆತ್ತಿದ.

ಬ್ಯಾಂಡು ಥಟ್ಟನೆ ನಿಂತಿತು. ಎರಡು ಕೈ ಎತ್ತಿದರೆ ಹಿಂಗಾಲ ಮೇಲೆ ಏಳಬೇಕೆಂದು ಮೆರವಣಿಗೆಗಳಿಗಾಗಿ ಅವನೇ ಬಿಜಲಿಗೆ ಕಲಿಸಿದ್ದ. ಆ ಮೌನದಲ್ಲಿ ಅದು ಎದ್ದು ನಿಂತಿತು.